ಹನ್ನೊಂದನೇ ಕೋಣೆಯ ಬೆನ್ನು

ಆ ಚಿತ್ರಶಾಲೆಯ ಕಾವಲಿನವರಿಗೆ ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟ ಹೆಸರು ಹೆಬ್ಬಾಗಿಲಲ್ಲೇ ಕಳಚಿ ಬೀಳುತ್ತಿತ್ತು. ಒಳಗೆ ಬಂದಮೇಲೆ ಯಾವ ಕೋಣೆ ಕಾಯುತ್ತಾರೋ ಆ ಕೋಣೆಯ ನಂಬರೇ ಹೆಸರು. "ನಾಲ್ಕಕ್ಕೆ ಕೆಮ್ಮು ಜಾಸ್ತಿಯಾಗಿದೆ, ಎಂಟು ಇವತ್ತು ರಜೆ, ಎರಡು ಊಟಕ್ಕೆ ಹೋದವನು ಇನ್ನೂ ಪತ್ತೆಯಿಲ್ಲ" ಅಂತ ಅವರ ಮಾತು. ಪಕ್ಕದಲ್ಲಿ ನಿಂತು ಕೇಳಿದವರಿಗೆ ಇವರು ಮನುಷ್ಯರ ಸುದ್ದಿ ಆಡುತ್ತಿದ್ದಾರೋ ಮಗ್ಗಿ ಒಪ್ಪಿಸುತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ. ನಮ್ಮ ಕಥೆಯ ಮನುಷ್ಯ ಹನ್ನೊಂದು. ಹತ್ತೊಂಬತ್ತು ವರ್ಷ ಹನ್ನೊಂದನೇ ಕೋಣೆ ಕಾದು ತಲೆಯೆಲ್ಲ ಬೆಳ್ಳಗಾದ ಮೇಲೆ, ಇಷ್ಟು ವಯಸ್ಸಾದವರನ್ನ ಬರೀ ಹನ್ನೊಂದು ಅಂತ ಕರೆಯೋದು ಹೇಗಪ್ಪಾ ಅಂತ ಚಿಕ್ಕವರೆಲ್ಲ ಸೇರಿ ಅವನನ್ನ ಹನ್ನೊಂದಣ್ಣ ಮಾಡಿದರು.

ಹನ್ನೊಂದನೇ ಕೋಣೆ ಅಂದರೆ ಕಟ್ಟಡದ ತುತ್ತತುದಿ. ಮೆಟ್ಟಿಲು ಹತ್ತಿ, ಉದ್ದನೆ ಪಡಸಾಲೆ ದಾಟಿ, ಶೌಚಾಲಯದ ಪಕ್ಕ ಹೊರಳಿಕೊಂಡರೆ ಸಿಗುತ್ತದೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಜನ ಶೌಚಾಲಯ ಹುಡುಕಿಕೊಂಡು ದಾರಿ ತಪ್ಪಿ ಬಂದವರು. ಒಳಗೆ ಹೆಜ್ಜೆಯಿಟ್ಟು, ಸುತ್ತ ನೋಡಿ, "ಇದಲ್ಲ" ಅಂದುಕೊಂಡು ಹೊರಟುಬಿಡುತ್ತಿದ್ದರು. ಕಲೆಯ ಬಗ್ಗೆ ಆ ಕೋಣೆಯಲ್ಲಿ ಕೇಳಿಬಂದ ಅತಿ ದೊಡ್ಡ ವಿಮರ್ಶೆ ಅದೇ.

ಅಲ್ಲಿದ್ದದ್ದು ಆರು ಚಿತ್ರ. ದಪ್ಪ ಮೀಸೆಯ ಧಣಿ ಒಬ್ಬ, ಕೋಪಿಷ್ಠ ನ್ಯಾಯಾಧೀಶ ಒಬ್ಬ, ಒಂದೇ ಸೋಫಾದಲ್ಲಿ ಕೂತು ಜಗಳ ಆಡಿಕೊಂಡಂತಿರುವ ಅಕ್ಕ ತಂಗಿ, ಒಬ್ಬ ಪಾದ್ರಿ, ಒಂದು ನಾಯಿ. ಇವರೆಲ್ಲರೂ, ನಾಯಿಯೂ ಸೇರಿದಂತೆ, ಎದುರಿಗಿರುವವರನ್ನ ದುರುಗುಟ್ಟಿಕೊಂಡು ನೋಡುತ್ತಿದ್ದರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಷ್ಟು ಜೊತೆ ಕಣ್ಣು ನಿಮ್ಮನ್ನೇ ನೋಡುತ್ತಿದ್ದರೆ ಹೇಗಿರುತ್ತೆ ಹೇಳಿ! ಕೆಲಸಕ್ಕೆ ಸೇರಿದ ಮೊದಲ ತಿಂಗಳು ಹನ್ನೊಂದಣ್ಣನಿಗೆ ತಾನು ಕಾವಲುಗಾರನೋ ಕಳ್ಳನೋ ಅನ್ನೋ ಅನುಮಾನ ಬಂದುಬಿಟ್ಟಿತ್ತು.

ಆರನೇ ಚಿತ್ರ ಮಾತ್ರ ಅವನ ತಂಟೆಗೆ ಬರಲಿಲ್ಲ. ಅದರಲ್ಲಿ ಒಬ್ಬ ಹೆಂಗಸು ಬೆನ್ನು ತಿರುಗಿಸಿ ನಿಂತಿದ್ದಳು. ಎರಡು ಗೇಣು ಅಗಲದ ಸಣ್ಣ ಚಿತ್ರ. ಬರೆದವನು ಯಾರೋ ಗೊತ್ತಿಲ್ಲ, ಹೆಸರೂ ಇಲ್ಲ ಅಂತ ಕೆಳಗಿನ ಚೀಟಿ ಹೇಳುತ್ತಿತ್ತು. ಎಡಗಡೆ ಕಿಟಕಿ, ಕಿಟಕಿಯಿಂದ ಬಿಸಿಲು, ಬಿಸಿಲಲ್ಲಿ ಅವಳ ಬೆನ್ನು. ಕಂದು ಬಟ್ಟೆ, ಗಂಟು ಕಟ್ಟಿದ ಕೂದಲು, ಗಂಟಿನಿಂದ ತಪ್ಪಿಸಿಕೊಂಡು ಕತ್ತಿನ ಮೇಲೆ ಬಿದ್ದ ನಾಲ್ಕು ಎಳೆ. ಬಲಗೈಯಲ್ಲಿ ಮಡಚಿದ ಬಿಳಿ ಬಟ್ಟೆ, ಕರವಸ್ತ್ರ ಇರಬೇಕು. ಅವಳ ಮುಂದೆ ಏನಿದೆಯೋ ಕಾಣದು. ಕೋಣೆಯಲ್ಲೆಲ್ಲ ತನ್ನನ್ನ ನೋಡದೆ ಇರುವವಳು ಇವಳೊಬ್ಬಳೇ ಅಂತ ಹನ್ನೊಂದಣ್ಣ ನೆಮ್ಮದಿಗೋಸ್ಕರ ಅವಳ ಮುಂದೆ ಹೋಗಿ ನಿಂತ. ಅಷ್ಟೇ, ಬೇರೇನೂ ಇಲ್ಲ. ಕಲೆ ಗಿಲೆ ಅಂತೆಲ್ಲ ಯಾರಾದರೂ ಕೇಳಿದರೆ ಆಗಲೂ ಹೇಳುತ್ತಿದ್ದ, ಈಗಲೂ ಹೇಳುತ್ತಾನೆ: "ಅದೆಲ್ಲ ನಂಗೊತ್ತಿಲ್ಲಪ್ಪ. ಕಾಲು ಆಡಿಸೋಕೆ ಎದ್ದು ನಿಂತಿದ್ದೆ."

ಆದರೆ ನಿಂತು ನಿಂತು ಒಂದು ಎಡವಟ್ಟಾಯಿತು. ಇವಳು ಇನ್ನೇನು ತಿರುಗುತ್ತಾಳೆ ಅಂತ ಅನ್ನಿಸೋಕೆ ಶುರುವಾಯಿತು. ಆ ಭುಜ ಇದೆಯಲ್ಲ, ಅದು ಸುಮ್ಮನೆ ನಿಂತವರ ಭುಜ ಅಲ್ಲ. ಹಿಮ್ಮಡಿ ನೆಲದಿಂದ ಒಂದು ಕೂದಲೆಳೆಯಷ್ಟು ಮೇಲಕ್ಕಿದೆ. ಯಾರೋ ಕರೆದಿದ್ದಾರೆ, ಇನ್ನೊಂದು ಕ್ಷಣ, ತಿರುಗಿಬಿಡುತ್ತಾಳೆ! ತಾನು ಕುರ್ಚಿಯಲ್ಲಿ ಕೂತಾಗಲೇ ತಿರುಗಿಬಿಟ್ಟರೆ? ಹುಚ್ಚು ಅಂತ ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಎದ್ದು ಹೋಗಿ ನಿಲ್ಲುತ್ತಿದ್ದ. ಹೀಗೆ ಹತ್ತೊಂಬತ್ತು ವರ್ಷ.

ಮನೆಯಲ್ಲಿ ಈ ವಿಷಯ ಗುಟ್ಟಾಗಿ ಉಳಿದಿರಲಿಲ್ಲ. ಒಂದು ಸಲ ಜ್ವರದ ತಾಪದಲ್ಲಿ ಹನ್ನೊಂದಣ್ಣ "ಇನ್ನೂ ತಿರುಗಲಿಲ್ಲ, ಇನ್ನೂ ತಿರುಗಲಿಲ್ಲ" ಅಂತ ಬಡಬಡಿಸಿ, ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದ ಹೆಂಡತಿಯ ಕೈಗೆ ಸಿಕ್ಕಿಬಿದ್ದಿದ್ದ. ಅವಳು ಬಟ್ಟೆ ತೆಗೆದು ಪಕ್ಕಕ್ಕಿಟ್ಟು ವಿಚಾರಣೆ ಶುರುಮಾಡಿದಳು. ಅಂದಿನಿಂದ ಆ ಮನೆಯಲ್ಲಿ ಚಿತ್ರದ ಹೆಂಗಸಿಗೆ "ಆ ಬೆನ್ನಿನವಳು" ಅಂತ ಹೆಸರು.

"ಯಾಕ್ರೀ ಇವತ್ತು ಮುಖ ಊದಿಸಿಕೊಂಡಿದ್ದೀರಿ? ಆ ಬೆನ್ನಿನವಳು ಮಾತಾಡಿಸಲಿಲ್ವಾ?"

"ಅವಳು ಯಾವತ್ತು ಮಾತಾಡಿಸಿದ್ದಾಳೆ?"

"ಪಾಪ! ನಾನಾದರೆ ಇಪ್ಪತ್ತಾರು ವರ್ಷದಿಂದ ಎದುರಿಗೇ ನಿಂತು ಮಾತಾಡ್ತಿದ್ದೀನಿ, ಅದಕ್ಕೇ ಬೆಲೆಯಿಲ್ಲ."

ಹೆಂಡತಿ ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹಾಲಿನ ಒಲೆ ನೋಡಿಕೊಳ್ಳುತ್ತಿದ್ದಳು. ದಿನಕ್ಕೆ ಮೂರು ಸಲ, ಸಲಕ್ಕೆ ಇಪ್ಪತ್ತು ಲೀಟರು. ಹನ್ನೆರಡು ವರ್ಷದಲ್ಲಿ ಒಂದು ತೊಟ್ಟು ಉಕ್ಕಿಸಿದವಳಲ್ಲ ಅನ್ನೋದು ಅವಳ ಹೆಮ್ಮೆ. ಅವಳಿಗೆ ಬುಧವಾರ ಮಧ್ಯಾಹ್ನ ಬಿಡುವು, ಇವನಿಗೆ ಸೋಮವಾರ ರಜೆ. ಹಾಗಾಗಿ ಅವಳು ಚಿತ್ರಶಾಲೆ ಕಂಡವಳಲ್ಲ, ಅವನು ಕ್ಯಾಂಟೀನು ಕಂಡವನಲ್ಲ. ಇಬ್ಬರಿಗೂ ಅದೇನೂ ದೊಡ್ಡ ಕೊರತೆ ಅನ್ನಿಸಿರಲಿಲ್ಲ.

ಹೀಗಿರುವಾಗ ಚಿತ್ರಶಾಲೆಯ ಡೈರೆಕ್ಟರು ಒಂದು ದಿನ ಎಲ್ಲ ನಂಬರುಗಳನ್ನೂ ಕರೆಸಿದರು. ಅವರ ಪಕ್ಕದಲ್ಲಿ ಕನ್ನಡಕದ ಹುಡುಗಿಯೊಬ್ಬಳು ನಿಂತಿದ್ದಳು. ಮನಶ್ಶಾಸ್ತ್ರ ಓದುತ್ತಿದ್ದಾಳಂತೆ, ಜನ ಚಂದದ ವಸ್ತು ನೋಡುವಾಗ ಅವರ ತಲೆಯೊಳಗೆ ಏನಾಗುತ್ತೆ ಅಂತ ಪ್ರಬಂಧ ಬರೆಯುತ್ತಾಳಂತೆ. ಪ್ರತಿ ಚಿತ್ರದ ಮೇಲ್ಗಡೆ ಗೋಡೆಗೆ ಬೆಂಕಿಪೊಟ್ಟಣದಷ್ಟು ಡಬ್ಬಿ ಕೂರಿಸುತ್ತಾರೆ. ಯಾರು ಎಷ್ಟು ಹೊತ್ತು ನಿಂತು ನೋಡಿದರು ಅಂತ ಅದು ಲೆಕ್ಕ ಇಟ್ಟುಕೊಳ್ಳುತ್ತದೆ.

"ಮುಖ ಅದಕ್ಕೆ ಗೊತ್ತಾಗಲ್ಲ" ಅಂದಳು ಹುಡುಗಿ. "ಒಂದು ತಲೆ ಚಿತ್ರದ ಕಡೆ ತಿರುಗಿದೆ ಅಂತ ಮಾತ್ರ ಗೊತ್ತಾಗತ್ತೆ. ಸಿಬ್ಬಂದಿಯನ್ನ ಲೆಕ್ಕಕ್ಕೆ ತಗೋಬಾರದು ಅಂತ ನಿಮಗೆಲ್ಲ ಒಂದೊಂದು ಬಿಲ್ಲೆ ಕೊಡ್ತೀನಿ. ಬಿಲ್ಲೆ ಇರುವವರನ್ನ ಡಬ್ಬಿ ಬಿಟ್ಟುಬಿಡತ್ತೆ. ದಯವಿಟ್ಟು ಡ್ಯೂಟಿಯಲ್ಲಿರುವಾಗ ತೆಗೀಬೇಡಿ."

ಡೈರೆಕ್ಟರು ಕೆಮ್ಮಿದರು. ಅವರು ಕೆಮ್ಮಿದರೆ ಮುಂದೆ ಬರೋದು ಒಳ್ಳೆ ಸುದ್ದಿಯಲ್ಲ ಅಂತ ಎಲ್ಲ ನಂಬರಿಗೂ ಗೊತ್ತು. "ಇನ್ನೊಂದು ವಿಷಯ. ಚಿತ್ರ ಮುದ್ರಿಸಿದ ಕಾಫಿ ಕಪ್ಪು, ಕೊಡೆ ಮಾರೋ ಅಂಗಡಿಗೆ ಜಾಗ ಬೇಕಾಗಿದೆ. ಜನ ನೋಡದ ಚಿತ್ರಗಳನ್ನ ನೆಲಮಾಳಿಗೆಗೆ ಇಳಿಸ್ತೀವಿ."

ನೆಲಮಾಳಿಗೆಗೆ ಹೋದ ಚಿತ್ರ ಮೇಲೆ ಬಂದದ್ದನ್ನ ಹನ್ನೊಂದಣ್ಣ ಕಂಡಿರಲಿಲ್ಲ. ಅಲ್ಲಿ ಕತ್ತಲು, ತೇವ, ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾರೆ. ಅವಳು ಹೇಗೂ ಬೆನ್ನು ತಿರುಗಿಸಿದವಳು, ಅವಳನ್ನ ಗೋಡೆಗೆ ತಿರುಗಿಸಿಟ್ಟರೆ ಜನ್ಮದಲ್ಲಿ ತಿರುಗಿಯಾಳೇ!

ಈಗ ಆ ಕಾವಲಿನವರ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗಲ್ಲ. ಅವರೆಲ್ಲ ಒಳಗೆ ಬಂದ ಕೂಡಲೇ ಟೋಪಿ ತೆಗೆದು ಕುರ್ಚಿಯ ಬೆನ್ನಿಗೆ ನೇತುಹಾಕುತ್ತಿದ್ದರು. ಮೇಲಿನವರು ತಪಾಸಣೆಗೆ ಬಂದಾಗ ಕುರ್ಚಿಯ ಮೇಲೆ ಟೋಪಿ ಇದ್ದರೆ ಮನುಷ್ಯ ಡ್ಯೂಟಿಯಲ್ಲಿದ್ದಾನೆ ಅಂತ ಲೆಕ್ಕ, ಮನುಷ್ಯ ಶೌಚಾಲಯದಲ್ಲಿರಲಿ, ಪಕ್ಕದ ಕೋಣೆಯವನ ಜೊತೆ ಹರಟೆ ಹೊಡೆಯುತ್ತಿರಲಿ. ತಲತಲಾಂತರದಿಂದ ನಡೆದುಬಂದ ಈ ಪದ್ಧತಿಯನ್ನ ಮೇಲಿನವರೂ ಒಪ್ಪಿಕೊಂಡಿದ್ದರು. ಹುಡುಗಿ ಕೊಟ್ಟ ಬಿಲ್ಲೆಯನ್ನ ಹನ್ನೊಂದಣ್ಣ ಭಯಭಕ್ತಿಯಿಂದ ತಗೊಂಡು, ಟೋಪಿಯ ಜೊತೆಗೇ ಕುರ್ಚಿಗೆ ನೇತುಹಾಕಿದ. ಡ್ಯೂಟಿಯ ಸಾಮಾನು ಇರಬೇಕಾದ ಜಾಗ ಅದೇ ಅಲ್ಲವೇ? ತಪ್ಪು ಮಾಡುತ್ತಿದ್ದೇನೆ ಅಂತ ಅವನಿಗೆ ಕನಸಲ್ಲೂ ಹೊಳೆಯಲಿಲ್ಲ.

ಬೆನ್ನಿನವಳಿಗೆ ನೋಡುಗರನ್ನ ಒದಗಿಸೋಕೆ ಅವನು ಪಟ್ಟ ಪಾಡು ದೇವರಿಗೇ ಪ್ರೀತಿ. ಶೌಚಾಲಯ ಎಲ್ಲಿ ಅಂತ ಕೇಳಿದವರಿಗೆಲ್ಲ, "ಒಳಗೆ ಬನ್ನಿ, ಆ ಸಣ್ಣ ಚಿತ್ರದ ಮುಂದೆ ಹಾದು ಈ ಕಡೆ ಬನ್ನಿ" ಅಂತ ಊರೆಲ್ಲ ಸುತ್ತಿಸಿ ಕಳಿಸುತ್ತಿದ್ದ. ಅವಸರದಲ್ಲಿರುವವರು ಕಲೆ ನೋಡುತ್ತಾರೆಯೇ? ಒಬ್ಬರು ಮಾತ್ರ ನಿಂತು ಚಿತ್ರವನ್ನೇ ದಿಟ್ಟಿಸಿದರು. ಹನ್ನೊಂದಣ್ಣ ಆಸೆಯಿಂದ ಹತ್ತಿರ ಹೋದ. ಅವರು ಗಾಜಿನಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು.

ತಿಂಗಳು ಕಳೆದು ಫಲಿತಾಂಶ ಬಂತು. ಡೈರೆಕ್ಟರು ಕಾಗದ ಹಿಡಿದುಕೊಂಡು ಎಲ್ಲ ನಂಬರುಗಳನ್ನೂ ಮತ್ತೆ ಕರೆಸಿದರು.

"ಇಡೀ ಚಿತ್ರಶಾಲೆಯಲ್ಲಿ ಜನ ಅತಿ ಹೆಚ್ಚು ಹೊತ್ತು ನೋಡಿದ ಚಿತ್ರ ಯಾವುದು ಗೊತ್ತೇನ್ರಪ್ಪಾ? ಒಂದನೇ ಕೋಣೆಯ ಯುದ್ಧದ ಚಿತ್ರ ಅಲ್ಲ. ಹನ್ನೊಂದನೇ ಕೋಣೆಯ ಆ ಬೆನ್ನು! ದಿನಕ್ಕೆ ಮೂರು ಗಂಟೆ ಹತ್ತು ನಿಮಿಷ!"

ಎಲ್ಲ ನಂಬರುಗಳೂ ಮೂಗಿನ ಮೇಲೆ ಬೆರಳಿಟ್ಟವು. ಹುಡುಗಿಯ ಕಣ್ಣು ಮಿಂಚುತ್ತಿತ್ತು. ಮುಗಿಯದೆ ಉಳಿದದ್ದನ್ನ ಮನಸ್ಸು ಬಿಡೋದಿಲ್ಲ, ಅವಳು ತಿರುಗಬಹುದು ಅನ್ನೋ ನಿರೀಕ್ಷೆಯೇ ಜನರನ್ನ ಕಟ್ಟಿಹಾಕಿದೆ, ಹೊಟ್ಟೆಗೆ ಹಸಿವಾಗುವ ಹಾಗೆ ಕಣ್ಣಿಗೂ ಆಗುತ್ತೆ ಅಂತ ಏನೇನೋ ಹೇಳಿದಳು. ಹನ್ನೊಂದಣ್ಣನಿಗೆ ಖುಷಿಯಿಂದ ಕಿವಿ ಗುಯ್‌ಗುಡುತ್ತಿದ್ದರಿಂದ ಅರ್ಧ ಕೇಳಿಸಲಿಲ್ಲ. ಬದುಕಿದಳು! ನೆಲಮಾಳಿಗೆ ತಪ್ಪಿತು! ಆಮೇಲೆ ನಿಧಾನಕ್ಕೆ ತಲೆ ಕೆಲಸ ಮಾಡಿತು. ಮೂರು ಗಂಟೆ ಹತ್ತು ನಿಮಿಷ? ತನ್ನ ಕೋಣೆಗೆ ದಿನಕ್ಕೆ ಬರುವವರೆಲ್ಲ ಸೇರಿ ಮೂರು ನಿಮಿಷ ನಿಲ್ಲುವುದಿಲ್ಲ. ತನ್ನ ಕಣ್ಣು ತಪ್ಪಿಸಿ ದಿನವೂ ಮೂರು ಗಂಟೆ ಅಲ್ಲಿ ನಿಲ್ಲುವ ಆ ಖದೀಮ ಯಾರು?

ಕೋಣೆಗೆ ಓಡಿದ. ಯಾರೂ ಇರಲಿಲ್ಲ. ಕುರ್ಚಿ ಮಾತ್ರ ತಲೆಗೆ ಟೋಪಿ ಹಾಕಿಕೊಂಡು, ಕೊರಳಿಗೆ ಬಿಲ್ಲೆ ತೊಟ್ಟುಕೊಂಡು, ಠೀವಿಯಿಂದ ಡ್ಯೂಟಿ ಮಾಡುತ್ತಿತ್ತು. ಹನ್ನೊಂದಣ್ಣ ಕುರ್ಚಿಯನ್ನ ನೋಡಿದ, ಡಬ್ಬಿಯನ್ನ ನೋಡಿದ, ಬಿಲ್ಲೆಯಿಲ್ಲದ ತನ್ನ ಎದೆಯನ್ನ ತಡವಿ ನೋಡಿಕೊಂಡ. ಆ ಖದೀಮ ತಾನೇ! ಅಯ್ಯೋ ದೇವರೇ ಅಂತ ಅಲ್ಲೇ ಕುಕ್ಕರಿಸಿದ.

ಹೇಳಿಬಿಡೋಣ ಅಂತ ಎದ್ದ. ಎರಡು ಹೆಜ್ಜೆ ಇಟ್ಟ. ಹೇಳಿದರೆ ಮೂರು ಗಂಟೆ ಹತ್ತು ನಿಮಿಷ ಸೊನ್ನೆಯಾಗುತ್ತದೆ, ಬೆನ್ನಿನವಳು ನೆಲಮಾಳಿಗೆಗೆ ಇಳಿಯುತ್ತಾಳೆ. ವಾಪಸ್ ಬಂದು ಕೂತ. ಹೀಗೆ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿರುವಾಗಲೇ ಇಬ್ಬರು ಆಳುಗಳು ಏಣಿ ಹೊತ್ತುಕೊಂಡು ಬಂದರು.

"ಏನ್ರಪ್ಪಾ ಇದು?"

"ಇಷ್ಟು ಜನ ನೋಡೋ ಚಿತ್ರ ಈ ಮೂಲೆಯಲ್ಲಿ ಇರಬಾರದಂತೆ ಹನ್ನೊಂದಣ್ಣ. ಒಂದನೇ ಕೋಣೆಗೆ ಒಯ್ಯೋಕೆ ಹೇಳಿದ್ದಾರೆ. ದೀಪ ಹಾಕಿ, ಜನ ಸಾಲು ನಿಲ್ಲೋಕೆ ಹಗ್ಗ ಕಟ್ತಾರಂತೆ. ನಿಮ್ಮ ಕೋಣೆಗೆ ಎಂಥ ಮರ್ಯಾದೆ ನೋಡಿ!"

ಹೇಳಿದರೆ ನೆಲಮಾಳಿಗೆ, ಹೇಳದಿದ್ದರೆ ಒಂದನೇ ಕೋಣೆ. ಎರಡು ಕಡೆಯಿಂದಲೂ ಅವನಿಗೆ ಅವಳಿಲ್ಲ. ಹತ್ತೊಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದವನು, ತಾನೇ ನಿಂತು ನಿಂತು ಅವಳನ್ನ ಕಳಕೊಂಡ. ಆಳುಗಳು ಅವಳನ್ನ ಇಳಿಸಿ ಬಟ್ಟೆ ಮುಚ್ಚಿ ಹೊತ್ತುಕೊಂಡು ಹೋದರು. ಗೋಡೆಯ ಮೇಲೆ ಎರಡು ಗೇಣು ಅಗಲದ ಬೆಳ್ಳನೆ ಚೌಕ, ಮಧ್ಯೆ ಒಂದು ಮೊಳೆ. ಡಬ್ಬಿ ತೆಗೆಯುವವನು ಬೇರೆಯವನಂತೆ, ಅವನು ಬಂದಾಗ ತೆಗೆಯುತ್ತಾನಂತೆ. ಅದು ಅಲ್ಲೇ ಉಳಿಯಿತು.

ಒಂದನೇ ಕೋಣೆಯಲ್ಲಿ ಜಾತ್ರೆಯೋ ಜಾತ್ರೆ. ಪತ್ರಿಕೆಯವರು ಬಂದು ಬರೆದರು: ಕೈಯಲ್ಲಿ ಕರವಸ್ತ್ರ ಹಿಡಿದಿದ್ದಾಳೆ, ಬಾರದ ಕಾಗದಕ್ಕಾಗಿ ಅಳುತ್ತಿದ್ದಾಳೆ, ಹೆಣ್ಣಿನ ದುಃಖವೆಲ್ಲ ಆ ಬೆನ್ನಿನಲ್ಲಿದೆ. ಓದಿದವರು ಬಂದು ಬೆನ್ನಿನಲ್ಲಿ ದುಃಖ ಹುಡುಕಿದರು. ಸಿಕ್ಕಿತು ಅಂತ ತಲೆದೂಗಿದರು. ಓದದವರು ಹಗ್ಗ ಕಂಡು ಸಾಲಿನಲ್ಲಿ ನಿಂತರು. ಇದೇ ಜನ ಅಲ್ಲವೇ ಹೋದ ತಿಂಗಳು "ಇದಲ್ಲ" ಅಂತ ಹೊರಟುಹೋಗಿದ್ದು? ಒಬ್ಬರು ಅರ್ಧ ಗಂಟೆ ಸಾಲಲ್ಲಿ ನಿಂತು ಮುಂದೆ ಬಂದ ಮೇಲೆ, "ಶೌಚಾಲಯ ಇಲ್ಲಿಂದಲೇ ಹೋಗಬೇಕಾ?" ಅಂತ ಕೇಳಿದರು.

ಹನ್ನೊಂದಣ್ಣ ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚದೆ ಸಾಲಿನಲ್ಲಿ ನಿಲ್ಲುತ್ತಿದ್ದ. ತಲಾ ನಲವತ್ತು ಸೆಕೆಂಡು.

"ಮುಂದೆ ನಡೀರಿ, ಮುಂದೆ ನಡೀರಿ" ಅನ್ನುತ್ತಿದ್ದ ಒಂದು, ಅಂದರೆ ಒಂದನೇ ಕೋಣೆಯ ಕಾವಲುಗಾರ.

"ಲೋ, ನಾನು ಕಣೋ."

"ಯಾರಾದರೇನು? ನಿನ್ನ ಬೆನ್ನಿನವಳು ಬಂದಾಗಿಂದ ನನಗೆ ಕೂರೋಕೆ ಪುರುಸೊತ್ತಿಲ್ಲ, ಕಾಲು ಬಾತಿದೆ. ಯಾವ ಪುಣ್ಯಾತ್ಮ ಮೂರು ಗಂಟೆ ನಿಂತು ನೋಡಿದನೋ, ಅವನ ಮನೆ ಹಾಳಾಗ!"

ಹನ್ನೊಂದಣ್ಣ ಪೆಚ್ಚುಮೋರೆ ಹಾಕಿಕೊಂಡು ತನ್ನ ಕೋಣೆಗೆ ಬಂದ. ನಿಂತು ಅಭ್ಯಾಸವಾದ ಕಾಲು, ಬೆಳ್ಳನೆ ಚೌಕದ ಮುಂದೆ ತಾನಾಗಿ ಹೋಗಿ ನಿಂತಿತು. ಮೊಳೆ ನೋಡುತ್ತಾ ನಿಂತ. ಕಣ್ಣು ಮುಚ್ಚದೆಯೇ ಕತ್ತಿನ ನಾಲ್ಕು ಎಳೆ ಕೂದಲು ಕಂಡಿತು. ಮಾರನೆ ದಿನವೂ ನಿಂತ. ಅದರ ಮಾರನೆ ದಿನವೂ.

ಎರಡನೇ ತಿಂಗಳ ಲೆಕ್ಕ ಬಂದ ದಿನ ಹುಡುಗಿ ಮೆಟ್ಟಿಲು ಎರಡೆರಡು ಹಾರಿಕೊಂಡು ಬಂದಳು. ಬಾಗಿಲಲ್ಲೇ ನಿಂತಳು. ಕುರ್ಚಿಯ ಮೇಲೆ ಟೋಪಿ, ಟೋಪಿಯ ಕೆಳಗೆ ಬಿಲ್ಲೆ, ಖಾಲಿ ಗೋಡೆಯ ಮುಂದೆ ಗರ ಬಡಿದವನ ಹಾಗೆ ಒಬ್ಬ ಮನುಷ್ಯ.

"ಮೊಳೆಗೆ ದಿನಕ್ಕೆ ಎರಡು ಗಂಟೆ ಐವತ್ತು ನಿಮಿಷ" ಅಂದಳು. "ಚಿತ್ರಶಾಲೆಗೇ ಮೊದಲನೇ ಸ್ಥಾನ. ಯಾವ ಭೂತಾನೋ ಅಂದುಕೊಂಡಿದ್ದೆ. ನೀವೇನಾ?"

ಹನ್ನೊಂದಣ್ಣ ಕೈಮುಗಿದ. "ತಪ್ಪಾಯ್ತು ತಾಯಿ. ಟೋಪಿ ಜೊತೆ ಹಾಕಿಬಿಟ್ಟೆ. ಬೇಕಂತ ಮಾಡಿದ್ದಲ್ಲ. ಗೊತ್ತಾದ ಮೇಲೂ ಹೇಳದೆ ಇದ್ದದ್ದು ಮಾತ್ರ ಬೇಕಂತಲೇ. ಕೆಲಸ ಹೋದರೆ ಹೋಗಲಿ, ಅವಳನ್ನ ನೆಲಮಾಳಿಗೆಗೆ ಹಾಕಿಸಬೇಡಿ."

ಹುಡುಗಿ ಅವನ ಕುರ್ಚಿಯಲ್ಲಿ ಕುಸಿದು ಕೂತಳು. ಟೋಪಿ ಅವಳ ಹೆಗಲ ಮೇಲೆ ಜಾರಿ ಬಿತ್ತು. ನೂರಾ ನಲವತ್ತು ಪುಟ ಬರೆದಾಗಿತ್ತು, ಪಾಪ! ನೋಡುಗ ಸಮೂಹ, ನೋಡುಗ ಸಮೂಹ ಅಂತ. ಸಮೂಹ ಎದುರಿಗೇ ಕೈಮುಗಿದು ನಿಂತಿತ್ತು. ಅವಳು ಮೊದಲು ನಕ್ಕಳು, ನಗುತ್ತಾ ನಗುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ಏನು ಕಾಣತ್ತೆ ನಿಮಗೆ ಅವಳಲ್ಲಿ?"

ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವನನ್ನ ಹಾಗೆ ಕೇಳಿರಲಿಲ್ಲ. ಶೌಚಾಲಯ ಎಲ್ಲಿ ಅಂತ ಕೇಳಿದ್ದರು, ಅಷ್ಟೇ. "ಇವರೆಲ್ಲ ನನ್ನನ್ನ ದುರುಗುಟ್ಟಿಕೊಂಡು ನೋಡ್ತಾರೆ ತಾಯಿ. ಅವಳೊಬ್ಬಳು ನೋಡಲ್ಲ. ಆಮೇಲಾಮೇಲೆ, ಅವಳೊಬ್ಬಳು ನೋಡಲಿ ಅನ್ನಿಸ್ತು."

ಹುಡುಗಿ ಕನ್ನಡಕ ಮತ್ತೆ ಹಾಕಿಕೊಂಡಳು. ಆಮೇಲೆ, "ನಾನು ಸುಳ್ಳು ಬರೆಯೋಕಾಗಲ್ಲ. ಬುಧವಾರ ಡೈರೆಕ್ಟರಿಗೆ ಹೇಳಲೇಬೇಕು. ಅಲ್ಲಿ ಸಾಲು ನಿಲ್ಲೋ ಜನ ಅವಳನ್ನ ನೋಡೋದು ಬರೀ ಹನ್ನೊಂದು ಸೆಕೆಂಡು. ಉಳಿದ ಹೊತ್ತೆಲ್ಲ ಹಗ್ಗ ನೋಡ್ತಾರೆ, ಫೋಟೋ ತೆಗೀತಾರೆ. ಅಷ್ಟಕ್ಕೆ ಅವರು ಉಳಿಸ್ಕೊಳ್ಳಲ್ಲ" ಅಂದಳು.

ಮನೆಗೆ ಬಂದು ಹನ್ನೊಂದಣ್ಣ ಎಲ್ಲ ಕಕ್ಕಿದ. ಹೆಂಡತಿ ಗೇಲಿ ಮಾಡುತ್ತಾಳೆ ಅಂದುಕೊಂಡಿದ್ದ. ಮಾಡಲಿಲ್ಲ. ಅವನ ಮುಖ ನೋಡಿದಳು. "ಬುಧವಾರ ನನಗೆ ಅರ್ಧ ದಿನ. ಆ ಪುಣ್ಯಾತ್ಗಿತ್ತಿ ಕತ್ತಲಿಗೆ ಹೋಗೋ ಮುಂಚೆ ಒಂದು ಸಲ ನೋಡ್ತೀನಿ. ಇಷ್ಟು ವರ್ಷ ನನ್ನ ಮನೆಯಲ್ಲಿ ಬಾಡಿಗೆಯಿಲ್ಲದೆ ಇದ್ದಳಲ್ಲ."

ಬುಧವಾರ ಕ್ಯಾಂಟೀನಿನಿಂದ ನೇರವಾಗಿ ಬಂದಳು. ಮೈಯೆಲ್ಲ ಹಾಲಿನ ವಾಸನೆ. ಸಾಲಿನಲ್ಲಿ ನಿಂತರು. ಪಕ್ಕದ ಕಂಬದ ಹತ್ತಿರ ಹುಡುಗಿ ಡೈರೆಕ್ಟರಿಗೆ ಕಾಗದ ತೋರಿಸುತ್ತಿದ್ದಳು, ಡೈರೆಕ್ಟರು ಆಗಲೇ ಎರಡು ಸಲ ಕೆಮ್ಮಿಯಾಗಿತ್ತು. ಆಳುಗಳು ಏಣಿ ತಂದು ಗೋಡೆಗೆ ಒರಗಿಸಿದ್ದರು. ಹನ್ನೊಂದಣ್ಣನಿಗೆ ಆ ಏಣಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಹೆಂಡತಿಯ ಸರದಿ ಬಂತು. ಸೊಂಟದ ಮೇಲೆ ಕೈಯಿಟ್ಟು, ಸವತಿಯನ್ನ ಅಳೆಯುವ ಹಾಗೆ ಮೇಲಿಂದ ಕೆಳಗೆ ನೋಡಿದಳು. ಮುಖ ಬದಲಾಯಿತು.

"ಮುಂದೆ ನಡೀರಿ ಅಮ್ಮಾ" ಅಂದ ಒಂದು.

"ಎಲ್ಲಿಗಪ್ಪಾ ನಡೆಯೋದು?" ಅವಳ ಗಂಟಲು ಇಪ್ಪತ್ತು ಲೀಟರಿನ ಒಲೆಯ ಸದ್ದಿಗೆ ಪಳಗಿದ್ದು, ಇಡೀ ಕೋಣೆಗೆ ಕೇಳಿಸಿತು. "ಇವಳು ಒಲೆ ಮೇಲೆ ಹಾಲಿಟ್ಟಿದ್ದಾಳೆ!"

"ಕಾಗದಕ್ಕೆ ಅಳ್ತಿದ್ದಾಳೆ ಅಮ್ಮಾ, ಪೇಪರಿನಲ್ಲಿ ಬಂದಿದೆ. ಕೈಯಲ್ಲಿ ಕರವಸ್ತ್ರ ನೋಡಿ" ಅಂತ ಸಾಲಿನಲ್ಲಿ ಯಾರೋ ತಿದ್ದಿದರು.

"ಯಾವ ಕರವಸ್ತ್ರ? ಪೇಪರಿನವರು ಹಾಲು ಕಾಯಿಸಿದ್ದಾರಾ ಯಾವತ್ತಾದರೂ? ಅದು ಮಸಿಬಟ್ಟೆ. ಪಾತ್ರೆ ಹಿಡಿದು ಇಳಿಸೋಕೆ. ಆ ಹಿಮ್ಮಡಿ ನೋಡಿ, ಎತ್ತಿ ಇಣುಕ್ತಿದ್ದಾಳೆ. ಭುಜ ಬಿಗಿಹಿಡಿದಿದ್ದಾಳೆ. ಕೆನೆ ಕಟ್ಟಿ, ಅಂಚಿಗೆ ಬಂದು, ಇನ್ನೇನು ಈಗ ಉಕ್ಕತ್ತೆ!"

ಫೋಟೋ ತೆಗೆಯುತ್ತಿದ್ದವರು ಕೈ ಇಳಿಸಿದರು. ಸಾಲು ಮುರಿದು ಜನ ಹಗ್ಗದ ಹತ್ತಿರ ಒತ್ತಿಕೊಂಡರು. ಎಲ್ಲರ ಕಣ್ಣೂ ಆ ಬೆನ್ನಿನ ಮೇಲೆ, ಬೆನ್ನಿನಾಚೆ ಕಾಣದ ಪಾತ್ರೆಯ ಮೇಲೆ. ಒಬ್ಬರೂ ಕದಲಲಿಲ್ಲ. ಒಬ್ಬ ಹೆಂಗಸು ಉಸಿರು ಬಿಗಿಹಿಡಿದು, "ಉರಿ ಸಣ್ಣ ಮಾಡೇ" ಅಂತ ಚಿತ್ರಕ್ಕೆ ಹೇಳಿಬಿಟ್ಟಳು. ಒಂದು ತನ್ನ ಬಾತ ಕಾಲನ್ನ ಮರೆತು ಕತ್ತು ಚಾಚಿದ. ಡೈರೆಕ್ಟರೂ ಕೆಮ್ಮು ನುಂಗಿಕೊಂಡು ನಿಂತುಬಿಟ್ಟರು. ಹಾಲು ಉಕ್ಕಲಿಲ್ಲ, ಯಾರೂ ಹೋಗಲಿಲ್ಲ. ಹುಡುಗಿ ಗಡಿಯಾರ ನೋಡಿಕೊಂಡಳು, ಹನ್ನೊಂದು ನಿಮಿಷ.

ಡೈರೆಕ್ಟರು ಆಳುಗಳಿಗೆ ಏಣಿ ತಗೊಂಡು ಹೋಗಿ ಅಂದರು.

"ಸಾರ್, ಹಾಗಾದರೆ ಅವಳನ್ನ ನನ್ನ ಕೋಣೆಗೇ..." ಹನ್ನೊಂದಣ್ಣ ಕೈಹಿಸುಕಿಕೊಂಡು ಕೇಳಿದ.

"ಈಗ ಹೇಗ್ರೀ ಕೊಡೋದು? ನೋಡಿ ಜನಾನ. ಇವರನ್ನೆಲ್ಲ ಹನ್ನೊಂದರಲ್ಲಿ ಎಲ್ಲಿ ನಿಲ್ಲಿಸ್ತೀರಿ?" ಅಂದವರು, ಅವನ ಮುಖ ನೋಡಿ ದನಿ ತಗ್ಗಿಸಿದರು. "ಆ ಬಿಲ್ಲೆ ವಿಷಯ ನಾನು ಮರೆತಿದ್ದೀನಿ, ನೀವೂ ಮರೀರಿ."

ಮನೆಗೆ ಹೋಗುವಾಗ ಹನ್ನೊಂದಣ್ಣ ಹೆಂಡತಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ. ಹೆಂಡತಿ ಉಳಿಸಿಕೊಟ್ಟಳು, ಸರಿ. ಆದರೆ ಎಂಥ ಮಾತು ಆಡಿಬಿಟ್ಟಳು! ಒಲೆ ಮೇಲೆ ಹಾಲಿಟ್ಟವಳು ತಿರುಗುತ್ತಾಳೆಯೇ? ಯಾರು ಕರೆದರೂ ತಿರುಗಲ್ಲ. ಹತ್ತೊಂಬತ್ತು ವರ್ಷ ಕಾದದ್ದು ತಿರುಗದವಳಿಗಾಗಿ.

"ನೀನು ಹಾಲು ಅಂತ ಹೇಳಬಾರದಿತ್ತು" ಅಂದ ಕೊನೆಗೆ.

"ಹಾಲಿಗೆ ಹಾಲು ಅನ್ನದೆ ಇನ್ನೇನ್ರೀ ಅನ್ನಲಿ?" ಅಂದಳು ಅವಳು. ಆಮೇಲೆ ಮೆಲ್ಲಗೆ, "ಆ ನಿಲುವು ನಂಗೊತ್ತು ಕಣ್ರೀ. ಸೊಂಟ ಬಿದ್ದುಹೋಗತ್ತೆ. ಪಾಪ, ಅವಳಿಗೆ ಯಾರೂ ಒಂದು ಕುರ್ಚಿ ಹಾಕಿಲ್ಲ" ಅಂದಳು.

ಆ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಗುರುವಾರ ಕೊರೆಯಿತು, ಶುಕ್ರವಾರ ಕೊರೆಯಿತು. ಖಾಲಿ ಚೌಕದ ಮುಂದೆ ನಿಂತರೂ ಮೊಳೆ ಮಾತ್ರ ಕಂಡಿತು. ಸೋಮವಾರ ರಜೆ. ಬೆಳಿಗ್ಗೆ ಹನ್ನೊಂದಕ್ಕೆ, ಯಾವತ್ತೂ ಹೋಗದವನು ಆಸ್ಪತ್ರೆಯ ಹಿಂದಿನ ದಾರಿ ಕೇಳಿಕೊಂಡು, ಕ್ಯಾಂಟೀನಿನ ಹಿತ್ತಿಲ ಬಾಗಿಲಿಗೆ ಹೋಗಿ ನಿಂತ.

ಎಡಗಡೆ ಕಿಟಕಿ, ಕಿಟಕಿಯಿಂದ ಬಿಸಿಲು. ಬಿಸಿಲಲ್ಲಿ ಒಂದು ಬೆನ್ನು. ಕೂದಲಿನ ಗಂಟು ಸಡಿಲಾಗಿ ಕತ್ತಿನ ಮೇಲೆ ನಾಲ್ಕು ಎಳೆ ಬಿದ್ದಿತ್ತು, ಅದರಲ್ಲಿ ಎರಡು ಬೆಳ್ಳಗಾಗಿತ್ತು. ಬಲಗೈಯಲ್ಲಿ ಮಸಿಬಟ್ಟೆ. ಹಿಮ್ಮಡಿ ನೆಲದಿಂದ ಒಂದು ಕೂದಲೆಳೆ ಮೇಲಕ್ಕೆ. ಹನ್ನೊಂದಣ್ಣ ಕರೆಯಲಿಲ್ಲ, ಕೆಮ್ಮಲಿಲ್ಲ. ಎಷ್ಟು ಹೊತ್ತು ನಿಂತನೋ, ಲೆಕ್ಕ ಇಡೋಕೆ ಅಲ್ಲಿ ಡಬ್ಬಿ ಇರಲಿಲ್ಲ. ಹನ್ನೆರಡು ವರ್ಷದಿಂದ ದಿನಕ್ಕೆ ಮೂರು ಸಲ ಇವಳು ಹೀಗೆ ನಿಲ್ಲುತ್ತಿದ್ದಾಳೆ, ನಾನೊಂದು ಸಲವೂ ನೋಡಲಿಲ್ಲವಲ್ಲ ಅಂದುಕೊಂಡ.

ಯಾರೋ ನೋಡುತ್ತಿದ್ದಾರೆ ಅನ್ನಿಸಿತೋ ಏನೋ, ಅವಳು ತಿರುಗಿದಳು.

"ಅಯ್ಯೋ! ನೀವಾ? ಆಸ್ಪತ್ರೆಗ್ಯಾಕೆ ಬಂದ್ರಿ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ನೋಡೋಕೆ ಬಂದೆ."

"ಏನನ್ನ?"

"ನಿನ್ನನ್ನ."

ಅವಳು ಅವನನ್ನೇ ನೋಡುತ್ತಾ ನಿಂತಳು. ಹಿಂದಿನಿಂದ ಸುಂಯ್ ಅಂತ ಸದ್ದಾಯಿತು. ಇಪ್ಪತ್ತು ಲೀಟರೂ ನೊರೆಯೆದ್ದು, ಅಂಚು ದಾಟಿ, ಒಲೆ ನಂದಿಸಿ, ಕಟ್ಟೆಯಿಂದ ನೆಲಕ್ಕೆ ಇಳಿಯಿತು.

"ಹನ್ನೆರಡು ವರ್ಷದಲ್ಲಿ ಒಂದು ತೊಟ್ಟು ಉಕ್ಕಿಸಿರಲಿಲ್ಲ ಕಣ್ರೀ ನಾನು!" ಅಂತ ಅವಳು ಬೊಬ್ಬೆ ಹಾಕಿದಳು. ಹನ್ನೊಂದಣ್ಣ ಬೆಪ್ಪುತಕ್ಕಡಿಯ ಹಾಗೆ ನಗುತ್ತಾ ನಿಂತಿದ್ದ. "ನಗ್ತೀರಾ? ತಗೊಳ್ಳಿ ಬಟ್ಟೆ, ಒರೆಸಿ!"

ಅವನು ಅಂಗಿಯ ತೋಳು ಮಡಚಿ ನೆಲ ಒರೆಸೋಕೆ ಕೂತ. ಅವಳು ಇನ್ನೊಂದು ಪಾತ್ರೆಯಲ್ಲಿ ಹಾಲಿಟ್ಟು ಒಲೆಯ ಕಡೆ ಮುಖ ಮಾಡಿದಳು. ಸರಿಯಾಗಿ ಒರೆಸುತ್ತಾನೋ ಇಲ್ಲವೋ ಅಂತ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದಳು.